ಮಗ್ಗುಲು

“ಮುಟ್ಟಬ್ಯಾಡ! ಕೈ ತಗೀ, ಹೊಲಗೇರಿ ರಂಡಿ!”

ಸಿದ್ದಲಿಂಗಪ್ಪನ ಊರುಗೋಲು ಶಿವಕುಮಾರಿಯ ಮೊಣಕೈ ಮೇಲೆ ಬಿತ್ತು. ಎಲುಬಿಗೇ ತಗುಲಿದ ಸದ್ದು. ಆದರೂ ಆಕೆ ಕೈ ತೆಗೆಯಲಿಲ್ಲ. ಒಂದು ಕೈ ಮುದುಕನ ಭುಜದ ಹಿಂದಿತ್ತು, ಇನ್ನೊಂದು ಸೊಂಟದ ಹಿಂದೆ. ಕಾಲುಗಳ ನಡುವೆ ದಿಂಬು ಇಟ್ಟಿದ್ದಳು. ಅರ್ಧ ಹೊರಳಿದ ದೇಹವನ್ನು ನಡುವೆ ಬಿಟ್ಟರೆ ಹೊಸದಾಗಿ ಕೂರಿಸಿದ ಕೀಲು ಜಾರುತ್ತಿತ್ತು.

“ಅಜ್ಜಾರ, ಅಂಗಾತ ಮಲಗಿ ಮಲಗಿ ಬೆನ್ನ ಕೊಳಿತೈತ್ರಿ. ಸ್ವಲ್ಪ ತಡಕೋರಿ.”

“ಕೊಳೀಲಿ. ನಿನ್ನ ಕೈ ಹತ್ತೂದು ಬ್ಯಾಡ ನನಗ.”

ಎರಡನೇ ಏಟು ಕೆನ್ನೆಗೆ ಬಿತ್ತು. ಶಿವಕುಮಾರಿ ಅವನನ್ನು ಮೆಲ್ಲಗೆ ಮತ್ತೆ ಅಂಗಾತ ಮಲಗಿಸಿ ಹಿಂದೆ ಸರಿದಳು.

ಬೆಳಗಾವಿಯಿಂದ ಬಂದು ಮುಂಬಯಿಯಲ್ಲಿ ಬಟ್ಟೆ ಅಂಗಡಿ ಬೆಳೆಸಿದ ಸಿದ್ದಲಿಂಗಪ್ಪ ಮುಲುಂಡಿನ ಫ್ಲಾಟಿನ ಬಾತ್‌ರೂಮಿನಲ್ಲಿ ಜಾರಿಬಿದ್ದು ಸೊಂಟ ಮುರಿದುಕೊಂಡಿದ್ದ. ಆಪರೇಷನ್ ಮಾಡಿ ಮನೆಗೆ ಕಳಿಸಿದ್ದರು. ರೋಗಿಗಳನ್ನು ನೋಡಿಕೊಳ್ಳಲು ಹೆಂಗಸರನ್ನು ಕಳಿಸುವ ಬ್ಯೂರೋ ಒಂದು, ಭಾಂಡುಪಿನ ಗುಡ್ಡದ ಮೇಲಿನ ಖೋಲಿಯಿಂದ ಶಿವಕುಮಾರಿಯನ್ನು ಕಳಿಸಿತ್ತು. ಮೊದಮೊದಲು ಎಲ್ಲ ಸರಿಯಿತ್ತು. ಉಸಿರು ಜಗ್ಗಿ ಬಿಡಿ ಎಂದರೆ ಮುದುಕ ಬಿಡುತ್ತಿದ್ದ. ಕಾಲ್ಬೆರಳು ಆಡಿಸಿ ಎಂದರೆ ಆಡಿಸುತ್ತಿದ್ದ. ಮನೆಯಲ್ಲಿ ಕನ್ನಡ ಮಾತಾಡುವವಳು ಸಿಕ್ಕಳೆಂದು ಹಿಗ್ಗಿ, ‘ಮಗಳ’ ಎಂದೇ ಕರೆದು, ಆಕೆಯ ಕೈಯಿಂದ ಗಂಜಿ ಕುಡಿದಿದ್ದ.

ಒಂದು ದಿನ ಗಂಜಿ ಕುಡಿದು ಬಾಯಿ ಒರೆಸಿಕೊಳ್ಳುತ್ತ ಕೇಳಿದ: “ಬಿಜಾಪುರ ಕಡೆಯಾಕಿ ಅಂದಿ. ಊರಾಗ ಯಾವ ಓಣಿ?”

ಸುಳ್ಳು ಹೇಳಬಹುದಿತ್ತು. ಶಿವಕುಮಾರಿ ಇದ್ದದ್ದನ್ನೇ ಹೇಳಿದಳು: ಹೊಲಗೇರಿ.

ಮುದುಕ ಗಂಟಲಿಗೆ ಬೆರಳು ಹಾಕಿ ಕುಡಿದ ಗಂಜಿಯನ್ನೆಲ್ಲ ಆಕೆಯ ಸೆರಗಿನ ಮೇಲೆ ಕಾರಿದ. ಅದನ್ನು ಆಕೆಯೇ ಒರೆಸಿದಳು.

ಅಂದಿನಿಂದ ಕೋಲು ಅವನ ಹಾಸಿಗೆಯಲ್ಲೇ ಇತ್ತು. ಸೊಸೆ ರೂಪಾಲಿ ರಬ್ಬರ್ ಗ್ಲೌಸಿನ ಡಬ್ಬಿ ತಂದಿಟ್ಟಳು.

“ಡಾಯಪರ್ ಚೇಂಜ್ ಮಾಡೋವಾಗ ಮಾತ್ರ ಟಚ್ ಮಾಡು. ಬಾಕಿ ಟೈಮ್ ಬೇಡ. ಪಪ್ಪಾ ಚಿಲ್ಲಾತಾರೆ, ಬಿಲ್ಡಿಂಗ್‌ನೋರು ಕೇಳ್ತಾರೆ.”

“ಹೇಲು ಬಳಿಯಾಕ ಆಗತೈತಿ, ಮೈ ಹೊರಳಿಸಾಕ ಆಗೂದಿಲ್ಲನ್ರಿ ಅಕ್ಕಾರ?”

“ಜ್ಯಾದಾ ಬೋಲ್ ನಕೋ. ಹೆಚ್ಚು ಮಾತು ಬೇಡ.”

ಮುದುಕನ ಮಗ ಸಂತೂವನ್ನು ಕೇಳಿದಳು. “ಅಣ್ಣಾರ, ನೀವರ ಬಂದು ಹೊರಳಿಸ್ರಿ. ಬೆನ್ನ ಕೆಂಪಾಗೇತಿ.”

ಅವನು ಫೋನಿನಿಂದ ತಲೆ ಎತ್ತಲಿಲ್ಲ. “ಅದಕ್ಕೇ ತೋ ನಿನ್ನ ಇಟ್ಟಿದೀವಿ.”

ಬ್ಯೂರೋದ ಸೋನಾಲಿ ಮೇಡಂ ಫೋನಿನಲ್ಲಿ ಹೇಳಿದಳು, ಪಾರ್ಟಿ ಹೇಳಿದ ಹಾಗೆ ಮಾಡು, ಇಲ್ಲದಿದ್ದರೆ ಇನ್ನೊಬ್ಬಳನ್ನು ಕಳಿಸುತ್ತೇನೆ, ನಿನಗೆ ಮತ್ತೆಲ್ಲೂ ಕೆಲಸ ಇಲ್ಲ. ಗಂಡ ಶರಣು ಕಟ್ಟಡದಿಂದ ಬಿದ್ದು ಸತ್ತ ಮೇಲೆ ಖೋಲಿಯ ಒಲೆ ಉರಿಯುತ್ತಿದ್ದುದು ಈ ಕೆಲಸದಿಂದಲೇ. ಶಿವಕುಮಾರಿ ಬಾಯಿ ಮುಚ್ಚಿದಳು. ಮುದುಕ ನಿದ್ದೆಗೆ ಜಾರಿದಾಗ ಕದ್ದು ಹೊರಳಿಸಲು ಹೋಗಿ ಮತ್ತೆ ಏಟು ತಿಂದಳು. ಕೆಂಪಾದದ್ದು ಕಪ್ಪಾಯಿತು, ಕಪ್ಪಾದದ್ದು ಒಡೆಯಿತು. ವಾಸನೆ ಮೊದಲು ಹಾಸಿಗೆಯಲ್ಲಿತ್ತು, ಆಮೇಲೆ ಹಾಲ್‌ಗೆ ಬಂತು. ಮುದುಕನಿಗೆ ಜ್ವರ ಏರಿತು.

ಹೊಲಿಗೆ ನೋಡಲು ಬಂದ ಡಾಕ್ಟರು ಅವನನ್ನು ಸ್ವಲ್ಪ ಓರೆ ಮಾಡಿ, ಮೂಗಿಗೆ ಕರವಸ್ತ್ರ ಹಿಡಿದರು.

“ಇವರನ್ನ ಯಾರೂ ಮಗ್ಗುಲು ಮಾಡಿಲ್ಲವೇ?”

ರೂಪಾಲಿ ಶಿವಕುಮಾರಿಯ ಕಡೆ ನೋಡಿದಳು. ಅಷ್ಟೇ ಸಾಕಾಯಿತು. ಸಂತೂನ ಅಂಗೈ ಶಿವಕುಮಾರಿಯ ಬಾಯಿಗೆ ಅಪ್ಪಳಿಸಿತು. ಔಷಧಿ ಟೇಬಲ್ಲಿನ ಜೊತೆಗೆ ಆಕೆ ನೆಲಕ್ಕುರುಳಿದಳು.

“ಹರಾಮ್‌ಖೋರ್! ನಮ್ಮಪ್ಪನ್ನ ಕೊಳೆಸಿಬಿಟ್ಟಿ!”

“ನೀವ ಹೇಳಿದ್ರಲ್ರೀ ಮುಟ್ಟಬ್ಯಾಡಂತ...”

“ಮುಹ್ ಚಲಾತಿ? ಎದುರು ಮಾತಾಡ್ತಿ? ಸಾಲಿ!” ಜಡೆ ಹಿಡಿದು ಎತ್ತಿ ಅವಳ ತಲೆಯನ್ನು ಕಪಾಟಿಗೆ ಬಡಿದ. ಪಕ್ಕೆಗೆ ಒದ್ದ. ಡಾಕ್ಟರು ಬ್ಯಾಗಿನಲ್ಲಿ ಹತ್ತಿ ಹುಡುಕುತ್ತಿದ್ದರು. ಅದು ಸಿಕ್ಕ ಮೇಲೆ ಹೇಳಿದರು:

“ಆಮೇಲೆ ಹೊಡೆಯಿರಿ. ಆಸ್ಪತ್ರೆಗೆ ಒಯ್ಯೋ ಮೊದಲು ತೊಳೆಯಬೇಕು. ಯಾರಾದರೂ ಮಗ್ಗುಲಿಗೆ ಹಿಡಿಯಿರಿ.”

ಯಾರೂ ಅಲುಗಲಿಲ್ಲ. ಶಿವಕುಮಾರಿ ಎದ್ದಳು. ಬಾಯಿಂದ ರಕ್ತ ಸೋರುತ್ತಿತ್ತು. ಕಾಲುಗಳ ನಡುವೆ ದಿಂಬು ಇಟ್ಟು ಮುದುಕನನ್ನು ಹೊರಳಿಸಿ ಹಿಡಿದಳು. ಬೆನ್ನಿನ ಕೆಳಗೆ, ಬಾಯ್ದೆರೆದ ಹುಣ್ಣಿನೊಳಗೆ ಎಲುಬು ಬೆಳ್ಳಗೆ ಕಾಣುತ್ತಿತ್ತು. ರೂಪಾಲಿ ಮುಖ ತಿರುಗಿಸಿದಳು. ಜ್ವರದ ಕಣ್ಣು ತೆರೆದ ಮುದುಕ ಆಕೆಯನ್ನು ಗುರುತಿಸಿ ಮುಖಕ್ಕೆ ಉಗುಳಿದ.

“ಮುಟ್ಟಬ್ಯಾಡ ಅಂದ್ನಿ...”

ಉಗುಳು ಗಲ್ಲದ ಮೇಲೆ ಇಳಿಯಿತು. ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ.

“ಏ ಸಂತ್ಯಾ,” ಎಂದಳು. “ಬಾರೋ ಇಲ್ಲೆ.”

ಅವನು ಬೆಚ್ಚಿದ. “ಕ್ಯಾ ಬೋಲಿ?”

“ನಾ ಬಿಡಾಕತ್ತೀನಿ. ಬಿಟ್ರ ನಿಮ್ಮಪ್ಪ ಈ ಹುಣ್ಣಿನ ಮ್ಯಾಲ ಬೀಳ್ತಾನ. ನಿನ್ನ ಹುಟ್ಟಿಸಿದ ಮೈ ಐತಿ ಇದು. ಬಂದು ಹಿಡಿ.”

ಸಂತೂ ನೆಲಕ್ಕೆ ಬಿದ್ದಿದ್ದ ಗ್ಲೌಸಿನ ಡಬ್ಬಿಗೆ ಕೈ ಚಾಚಿದ. ಶಿವಕುಮಾರಿ ಆ ಡಬ್ಬಿಯನ್ನು ಕಾಲಿನಿಂದ ಮಂಚದಡಿಗೆ ಒದ್ದಳು.

“ಬರೇ ಕೈಲೆ, ಸೂಳಿಮಗನ!”

ರೂಪಾಲಿ ಇಂಟರ್‌ಕಾಮಿನಲ್ಲಿ ವಾಚ್‌ಮನ್‌ನನ್ನು ಕೂಗುತ್ತಿದ್ದಳು. ಮುದುಕನ ಭಾರ ಜಾರತೊಡಗಿತು. ಡಾಕ್ಟರು ಗದರಿದ ಮೇಲೆ ಸಂತೂ ಹತ್ತಿರ ಬಂದ. ಶಿವಕುಮಾರಿ ಒಂದು ಕೈ ಬಿಡಿಸಿ ಅವನ ಮಣಿಕಟ್ಟು ಹಿಡಿದೆಳೆದು ಅಂಗೈಯನ್ನು ಹುಣ್ಣಿನ ಅಂಚಿಗೇ ಒತ್ತಿದಳು. ಬೆರಳ ಸಂದಿಯಿಂದ ಕೀವು ಹರಿಯಿತು. ಅವನಿಗೆ ಓಕರಿಕೆ ಬಂತು.

“ಗಟ್ಟ್ಯಾಗಿ ಹಿಡಿ.”

ಕೈ ಬಿಟ್ಟು ಹೊರಗೆ ನಡೆದಳು. ಲಿಫ್ಟಿನಲ್ಲಿ ಮೇಲೆ ಬಂದ ವಾಚ್‌ಮನ್ ಆಕೆಯ ಮುಖದ ರಕ್ತ ನೋಡಿ ಗೋಡೆಗೆ ಸರಿದು ನಿಂತ.

ಒಳಗೆ ಸಂತೂ ವಾಂತಿ ಮಾಡುತ್ತಿದ್ದ ಸದ್ದು. “ಬಿಡಬೇಡಿ, ಬಿಡಬೇಡಿ!” ಎಂದು ಡಾಕ್ಟರು ಕೂಗಿದರು. ಮರುಕ್ಷಣ ಮುದುಕ ಚೀರಿದ. ಇಡೀ ಬಿಲ್ಡಿಂಗಿನ ಬಾಗಿಲುಗಳು ತೆರೆದವು.

ಮೆಟ್ಟಿಲ ಮೇಲಿದ್ದ ಶಿವಕುಮಾರಿಯ ಕೈಗಳು ತಾವಾಗಿಯೇ ಮೇಲೆದ್ದವು, ಯಾರನ್ನೋ ಹಿಡಿಯುವ ಹಾಗೆ. ಆಕೆ ಅವೆರಡನ್ನೂ ಸೆರಗಿನಲ್ಲಿ ಬಿಗಿಯಾಗಿ ಸುತ್ತಿಕೊಂಡು ಕೆಳಗಿಳಿದಳು.