ಗವಸಿನೊಳಗಿನ ತಂಬೂರಿ

ನಾನು ಒಂದು ತಂಬೂರಿ. ಹುಟ್ಟುವಾಗ ಬರೀ ಸೋರೆಕಾಯಿ. ಬಳ್ಳಿಗೆ ಕಾಯಿ ಭಾರವೇ ಎನ್ನುತ್ತಾರೆ. ನನ್ನ ಬಳ್ಳಿಗೆ ನಾನು ಭಾರವೇ ಆಗಿದ್ದೆ, ಅಷ್ಟು ದಪ್ಪ. ಮಿರಜಿನ ಕುಶಲಿಗರೊಬ್ಬರು ನನ್ನನ್ನು ಒಣಗಿಸಿ, ಕೊರೆದು, ಮರದ ಕೊರಳು ಕೂಡಿಸಿ ತಂತಿ ಬಿಗಿದರು. ತಂತಿಯಡಿ ಒಂದೆಳೆ ದಾರ ಸಿಕ್ಕಿಸಿದಾಗ ನನಗೆ ದನಿ ಬಂತು. ಆ ದನಿಯ ಬಗ್ಗೆ ಇಂದಿಗೂ ನನಗೆ ಜಂಬವಿದೆ.

ಧಾರವಾಡದ ಸಂಗೀತ ಗುರು ದತ್ತೋಬುವಾ ನನ್ನನ್ನು ತಮ್ಮ ಶಿಷ್ಯೆ ವತ್ಸಲೆಯ ಮದುವೆಗೆ ಉಡುಗೊರೆ ಕೊಟ್ಟರು. ಅವಳು ಬೆಳಿಗ್ಗೆ ಹಾಡಿದರೆ ಓಣಿಯವರು ನಿಂತು ಕೇಳುತ್ತಿದ್ದರು. ಗಂಡ ಗುಂಡೇರಾಯರು ವಕೀಲರು. ಓಣಿಯಲ್ಲಿ ಮಾತ್ರ ಅವರು 'ಹಾಡವ್ವನ ಗಂಡ'. ನಗುತ್ತಲೇ ಕೇಳಿಸಿಕೊಳ್ಳುತ್ತಿದ್ದರು, ಒಳಗೆ ಬಂದು ನನ್ನನ್ನು ನೋಡುವ ನೋಟ ಬೇರೆಯೇ ಇತ್ತು.

ವತ್ಸಲೆ ತವರಿಗೆ ಹೋಗಿದ್ದಾಗ ಬುವಾ ಬಂದರು.

"ನನಗೂ ವಯಸ್ಸಾತು. ಕಛೇರಿಯೊಳಗ ನನ್ನ ಹಿಂದ ಕೂತು ಹಾಡ್ಲಿಕ್ಕೆ ವತ್ಸಲಾನ್ನ ಕಳಸ್ರಿ. ನನ್ನ ವಿದ್ಯಾ ಅಕೀಗೇ ಕೊಡಬೇಕು."

"ನಾ ಬ್ಯಾಡ ಅಂತೀನೇನ್ರಿ? ಅಕೀನೇ ಇನ್ನ ಕಛೇರಿ ಒಲ್ಲೆ ಅಂದಾಳ," ಎಂದರು ರಾಯರು, ಚಹಾ ಮುಂದಿಡುತ್ತ.

ವತ್ಸಲೆ ಮರಳಿದಾಗ ರಾಯರು ಅವಳಿಗೆ ಹೇಳಿದ್ದೇ ಬೇರೆ. "ನಿಮ್ಮ ಬುವಾ ಬಂದಿದ್ರು. ನಿನ್ನ ದನಿ ಒಡದದಂತ. ಇನ್ನ ಹಾಡಬ್ಯಾಡ ಅಂದ್ರು."

ನನಗೆ ಮೈಯೆಲ್ಲ ಉರಿಯಿತು. ಆದರೆ ಯಾರಾದರೂ ಮೀಟದೆ ನನಗೆ ಮಾತು ಬಾರದು. ಅವಳೇ ಹೋಗಿ ಕೇಳಬಹುದಿತ್ತಲ್ಲ ಎನ್ನುತ್ತೀರಿ. ಗುರು ಅಂದ ಮಾತಿಗೆ ಯಾಕೆ ಎನ್ನುವುದು ಶಿಷ್ಯರಿಗೆ ಅಪಚಾರ. ಒಲ್ಲೆ ಎಂದ ಶಿಷ್ಯೆಯನ್ನು ಮತ್ತೆ ಕರೆಯುವುದು ಗುರುವಿಗೆ ಮರ್ಯಾದೆಯಲ್ಲ. ಈ ಇಬ್ಬರ ಸಂಕೋಚದ ನಡುವೆ ರಾಯರ ಸುಳ್ಳು ಹಾಯಾಗಿ ಬದುಕಿತು. ವತ್ಸಲೆ ಹಳೇ ಸೀರೆಯಲ್ಲಿ ಗವಸು ಹೊಲಿದು ನನ್ನನ್ನು ಗೋಡೆಗೆ ತೂಗುಹಾಕಿದಳು. ಅಡುಗೆ ಮಾಡುವಾಗ ಗುನುಗುವುದನ್ನೂ ಬಿಟ್ಟಳು.

ವರ್ಷಗಳು ಕಳೆದವು. ಬುವಾ ತೀರಿಕೊಂಡರು. ಪುಣ್ಯತಿಥಿಗೆ ಕರೆಯಲು ಹಳೆಯ ಸಹಪಾಠಿ ಕಾಶೀಬಾಯಿ ಬಂದಳು.

"ನೀ ಒಲ್ಲೆ ಅಂದಮ್ಯಾಲೂ ಬುವಾ ತಮ್ಮ ಹಿಂದಿನ ಎಡಗಡೆ ಜಾಗಾ ಯಾರಿಗೂ ಕೊಡ್ಲಿಲ್ಲ ನೋಡು."

"ನಾ ಒಲ್ಲೆ ಅಂದೆನಾ?"

ವತ್ಸಲೆ ಗಂಡನ ಕಡೆ ತಿರುಗಿದಳು. ಅವರು ಪೇಪರಿನಿಂದ ಮುಖ ಎತ್ತಲಿಲ್ಲ. "ಹಳೇ ಮಾತು ಈಗ್ಯಾಕ?" ಎಂದರು.

ಅವಳು ನನ್ನನ್ನು ಗೂಟದಿಂದ ಇಳಿಸಿದಳು.

ಪುಣ್ಯತಿಥಿಯಂದು ಬುವಾ ಅವರ ಪಾಠಶಾಲೆಯಲ್ಲಿ, ಅವರ ಖಾಲಿ ಆಸನದ ಹಿಂದೆ ಆ ಎಡಗಡೆಯ ಜಾಗದಲ್ಲಿ ಕುಳಿತು ನನಗೆ ಹೊಸ ದಾರ ಸಿಕ್ಕಿಸಿದಳು. ಷಡ್ಜ ಹಿಡಿದಳು. ಮೇಲೇರುವಾಗ ದನಿ ಒಡೆಯಿತು. ಇಷ್ಟು ವರ್ಷ ಹಾಡದೇ ಇದ್ದುದರಿಂದ ಗಂಡನ ಸುಳ್ಳು ನಿಜವಾಗಿಹೋಗಿತ್ತು. ಅವಳು ಅಳುತ್ತಲೇ ಮೀಟುತ್ತಿದ್ದಳು, ನಿಲ್ಲಿಸಲಿಲ್ಲ.

ಈಗ ನಾನು ಬುವಾ ಅವರ ಪಾಠಶಾಲೆಯ ಮೂಲೆಯಲ್ಲಿದ್ದೇನೆ. ಬುರುಡೆ ಬಿರುಕುಬಿಟ್ಟಿದೆ. ವತ್ಸಲೆ ದಿನಾ ಬಂದು ಹುಡುಗಿಯರಿಗೆ ಪಾಠ ಹೇಳುತ್ತಾಳೆ. ನನ್ನನ್ನು ಮೀಟುವುದು ಅವಳೇ. ಹೊಸಬರು ಬಂದರೆ ಸ್ವರಕ್ಕಿಂತ ಮೊದಲು ಒಂದು ಮಾತು ಹೇಳುತ್ತಾಳೆ.

"ನಾ ಹಿಂಗಂದೆ ಅಂತ ಯಾರರೆ ಹೇಳಿದ್ರ ನಂಬಬ್ಯಾಡ್ರಿ. ಬಂದು ನನ್ನನ್ನೇ ಕೇಳ್ರಿ."