ಒದ್ದೆಯಾಗದ ಟವೆಲ್

ಯಾಂಗ್‌ಸುನ್ ಹೆಗಲ ಮೇಲಿನ ಆ ನೀಲಿ ಬ್ಯಾಗು ಕಂಡರೆ ಸಾಕು, ಬೊಕ್‌ಹೀಗೆ ಮೈಯೆಲ್ಲ ಉರಿಯುತ್ತಿತ್ತು.

ಬ್ಯಾಗಿನ ಮೇಲೆ ಬೆಟ್ಟದ ಚಿತ್ರ, ಅದರ ಕೆಳಗೆ ರೆಸಾರ್ಟಿನ ಹೆಸರು. ಅಲ್ಲಿಯ ಆರೋಗ್ಯ ಕ್ಲಬ್ಬಿಗೆ ಯಾಂಗ್‌ಸುನ್ ಮನೆಯವರು ಕುಟುಂಬ ಸಮೇತ ಸದಸ್ಯರಾಗಿ ನಾಲ್ಕು ತಿಂಗಳಾಗಿತ್ತು. ಬಿಸಿನೀರಿನ ಕೊಳವಂತೆ, ವ್ಯಾಯಾಮದ ಕೋಣೆಯಂತೆ! ಶನಿವಾರ ಬಂತೆಂದರೆ ಅವಳು ಆ ಬ್ಯಾಗು ಹಾಕಿಕೊಂಡು ಕೆಳಗಿಳಿಯುತ್ತಿದ್ದಳು. ಕಾರು ಹತ್ತುವ ಮೊದಲು ಮೂರನೇ ಮಹಡಿಯ ಬೊಕ್‌ಹೀಯ ಕಿಟಕಿಯ ಕಡೆ ನೋಡಿ ಕೈ ಬೀಸುತ್ತಿದ್ದಳು. ಬೀಸದೆ ಸುಮ್ಮನೆ ಹೋಗಿದ್ದರೆ ಇವಳ ಗಂಟೇನು ಹೋಗುತ್ತಿತ್ತು?

ಹನ್ನೆರಡು ವರ್ಷದಿಂದ ಇಬ್ಬರೂ ಚೊಂಗ್‌ಜು ಊರಿನ ಒಂದೇ ಅಪಾರ್ಟ್‌ಮೆಂಟಿನವರು. ಪ್ರತಿ ಭಾನುವಾರ ಮಾರುಕಟ್ಟೆ ಹಿಂದಿನ ಸಾರ್ವಜನಿಕ ಸ್ನಾನದ ಮನೆಗೆ ಜೊತೆಯಾಗಿ ಹೋಗಿ, ಒಬ್ಬರ ಬೆನ್ನು ಒಬ್ಬರು ಉಜ್ಜಿಕೊಂಡು ಬರುತ್ತಿದ್ದವರು. ಈಗ ಬೊಕ್‌ಹೀಯ ಬೆನ್ನಿಗೆ ಅತ್ತೆಯ ನಡುಗುವ ಕೈಯೇ ಗತಿ. ಮೊಬೈಲ್ ತೆರೆದರೆ ಯಾಂಗ್‌ಸುನ್ ಕಳಿಸಿದ ಫೋಟೋ: ಆಚೆ ಹಿಮ, ಈಚೆ ಹಬೆಯಾಡುವ ನೀರು, ನಡುವೆ ಅವಳ ಕೆಂಪು ಕೆನ್ನೆ.

"ನೋಡಿದ್ರಾ? ನಾವು ಮಾತ್ರ ಆ ಸ್ನಾನದ ಮನೆ ಒಡಕಲು ಟೈಲ್ಸ್ ಮೇಲೆ ಜಾರಿ ಬೀಳ್ತಾ ಇರ್ಬೇಕು" ಎಂದು ಬೊಕ್‌ಹೀ ಗಂಡನ ಮುಖಕ್ಕೆ ಮೊಬೈಲ್ ಹಿಡಿಯುತ್ತಿದ್ದಳು. ಅವನು ತಿಂಗಳುಗಟ್ಟಲೆ ಕೇಳಿ ಕೇಳಿ, ಕೊನೆಗೆ "ಏನಾದ್ರೂ ಮಾಡ್ಕೋ ಮಾರಾಯ್ತಿ" ಎಂದುಬಿಟ್ಟ.

ಅಷ್ಟರಲ್ಲಿ ರೆಸಾರ್ಟಿನ ಮಾರಾಟಗಾರನ ಫೋನೂ ಬಂತು. ಹೊಸ ವರ್ಷದ ಹಬ್ಬದ ರಿಯಾಯಿತಿ, ಹಬ್ಬದ ಹಿಂದಿನ ದಿನಕ್ಕೇ ಮುಗಿಯುತ್ತದಂತೆ. ಆ ದಿನ ಸಂಜೆ ನಾಲ್ಕಕ್ಕೆ ತಾನೇ ಕಾಗದಪತ್ರ ತರುತ್ತೇನೆಂದ. ಕೈಯಲ್ಲಿದ್ದದ್ದು ಅತ್ತೆಗೆ ಹಲ್ಲು ಕಟ್ಟಿಸಲು ಎತ್ತಿಟ್ಟ ಹಣವೊಂದೇ.

"ಅತ್ತೆ, ನಿಮ್ಮ ಮೊಣಕಾಲಿಗೆ ಬೆಟ್ಟದ ಬಿಸಿನೀರು ಅಂದ್ರೆ ಅಮೃತ ಇದ್ದಂಗಂತೆ. ಹಲ್ಲು ಮುಂದಿನ ವರ್ಷ ಕಟ್ಟಿಸೋಣ."

"ಮೊಣಕಾಲಲ್ಲಿ ಅಗಿಯೋಕಾಗುತ್ತೇನೆ?" ಎಂದರು ಅತ್ತೆ. ಆಮೇಲೆ ಸೊಸೆಯ ಮುಖ ನೋಡಿ, "ಹೋಗ್ಲಿ ಬಿಡು, ನುಂಗ್ತೀನಿ" ಎಂದರು.

ಹಬ್ಬದ ಹಿಂದಿನ ದಿನ ಬೆಳಿಗ್ಗೆ ಬೊಕ್‌ಹೀ ಸಹಿಯ ಬದಲು ಕಾಗದಕ್ಕೆ ಒತ್ತುವ ಮನೆಯ ಮುದ್ರೆಯನ್ನು ತೆಗೆದು ಮೇಜಿನ ಮೇಲಿಟ್ಟು, ಒಬ್ಬಳೇ ಸ್ನಾನದ ಮನೆಗೆ ಹೋದಳು. ಹಬ್ಬಕ್ಕೆ ಮೈ ಹಗುರ ಮಾಡಿಕೊಳ್ಳಲು ಓಣಿಗೆ ಓಣಿಯೇ ಅಲ್ಲಿ ನೆರೆದಿತ್ತು. ಕೂರಲು ಒಂದು ಸ್ಟೂಲಿಲ್ಲ. ಹುಡುಕುತ್ತ ಮೂಲೆಗೆ ಹೋದರೆ ಅಲ್ಲಿ ಕಂಡದ್ದು ನೀಲಿ ಬ್ಯಾಗು, ಪಕ್ಕದಲ್ಲಿ ಗೋಡೆ ಕಡೆ ಮುಖ ಮಾಡಿ ಕೂತ ಯಾಂಗ್‌ಸುನ್!

"ಏನೇ ಸೆರಿ ಅಮ್ಮ, ದಾರಿ ತಪ್ಪಿ ಬಂದ್ಯಾ?" ಮಗಳು ಸೆರಿಯ ಹೆಸರು ಹಿಡಿದೇ ಎಲ್ಲರೂ ಯಾಂಗ್‌ಸುನ್‌ಳನ್ನು ಕರೆಯುವುದು. "ಬೆಟ್ಟದ ನೀರು ತಣ್ಣಗಾಯ್ತಾ?"

"ಹಬ್ಬ ಅಲ್ವಾ... ನಿಮ್ಮನ್ನೆಲ್ಲ ನೋಡೋಣ ಅಂತ ಬಂದೆ."

"ತಿರುಗು, ಬೆನ್ನುಜ್ಜುತೀನಿ."

ಇದು ಪ್ರೀತಿಯ ಮಾತಲ್ಲ ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ನಾಲ್ಕು ತಿಂಗಳು ಬೆಟ್ಟದ ನೀರಲ್ಲಿ ನೆನೆದ ಚರ್ಮ ಎಷ್ಟು ನುಣುಪಾಗಿದೆ ಎಂದು ನೋಡುವ ಚಪಲ, ನೋಡಿ ಇನ್ನಷ್ಟು ಉರಿದುಕೊಳ್ಳುವ ಚಟ. ಯಾಂಗ್‌ಸುನ್ ಬೇಡ ಬೇಡವೆಂದರೂ ಬಿಡದೆ, ಬೊಕ್‌ಹೀ ಮೈಯುಜ್ಜುವ ಒರಟು ಕೈಗವಸು ತೊಟ್ಟು ಹೆಗಲಿಂದ ಸೊಂಟಕ್ಕೆ ಒಮ್ಮೆ ಜೋರಾಗಿ ಎಳೆದಳು. ಬೂದುಬಣ್ಣದ ಕೊಳೆ ಶಾವಿಗೆಯ ಹಾಗೆ ಸುರುಳಿ ಸುರುಳಿಯಾಗಿ ಬಂತು. ಎರಡನೇ ಸಲ ಎಳೆದರೆ ಇನ್ನೂ ಹೆಚ್ಚು ಬಂತು.

"ಅಯ್ಯೋ! ಇದೇನೇ ಇದು? ವಾರ ವಾರ ಬಿಸಿನೀರಲ್ಲಿ ಬಿದ್ದಿರೋಳ ಬೆನ್ನಾ ಇದು?"

ಪಕ್ಕದಲ್ಲಿ ಬೇರೊಬ್ಬರ ಬೆನ್ನುಜ್ಜುತ್ತಿದ್ದ ಮಾಲ್ಜಾ ಅಕ್ಕ ಬಗ್ಗಿ ನೋಡಿದಳು. ಮೂವತ್ತು ವರ್ಷದಿಂದ ಊರ ಹೆಂಗಸರ ಮೈ ಉಜ್ಜುವುದೇ ಅವಳ ಕೆಲಸ. "ಈ ಬೆನ್ನು ಚಳಿಗಾಲ ಪೂರ್ತಿ ಕೈ ಕಂಡಿಲ್ಲ ಕಣಮ್ಮ" ಎಂದಳು.

ಬೊಕ್‌ಹೀ ನೀಲಿ ಬ್ಯಾಗಿಗೆ ಕೈ ಹಾಕಿದಳು. ಒಳಗಿದ್ದ ರೆಸಾರ್ಟಿನ ಟವೆಲಿನ ಮಡಿಕೆ ಸಹ ಬಿಚ್ಚಿರಲಿಲ್ಲ, ಅಂಟಿಸಿದ ಚೀಟಿ ಹಾಗೇ ಇತ್ತು. ಯಾಂಗ್‌ಸುನ್‌ ಅಳತೊಡಗಿದಳು.

"ಹೋಗಿದ್ದು ಒಂದೇ ಸಲ ಕಣೇ, ಅವತ್ತೂ ಮನೆ ಟವೆಲ್ಲೇ ಒಯ್ದಿದ್ದೆ. ಆ ಫೋಟೋ ಎಲ್ಲಾ ಒಂದೇ ದಿನ ತೆಗೆದಿದ್ದು. ಕೊಳಕ್ಕಿಳೀಬೇಕಂದ್ರೆ ಮೊದ್ಲೇ ಮೊಬೈಲಲ್ಲಿ ಜಾಗ ಹಿಡೀಬೇಕು, ಕಣ್ಣು ಮಿಟುಕಿಸೋದ್ರಲ್ಲಿ ತುಂಬೋಗುತ್ತೆ. ಹಬ್ಬ, ರಜಾ ದಿನ ಸದಸ್ಯರಿಗೆ ಪ್ರವೇಶ ಇಲ್ಲ, ಅಲ್ಲೇ ರೂಮು ಮಾಡಿದೋರಿಗೆ ಮಾತ್ರ. ಓಡೋ ಯಂತ್ರ ಇರೋದು ಎರಡು, ಒಂದಕ್ಕೆ ಬಟ್ಟೆ ಹೊದಿಸಿಟ್ಟಿದಾರೆ. ಸೆರಿ ಓದೋಕೆ ಸೋಲ್ ಪಟ್ಟಣಕ್ಕೆ ಹೋಗಿ ವಿಳಾಸ ಬದಲಾಯಿಸಿದ್ಲಲ್ಲ, ಅವಳು ನಮ್ಮ ಕುಟುಂಬನೇ ಅಲ್ವಂತೆ!"

"ಮತ್ತೆ ಶನಿವಾರ ಶನಿವಾರ ಎಲ್ಲಿ ಹೋಗ್ತಿದ್ದೆ?"

"ಅಕ್ಕನ ಮನೆಗೆ. ಮೂಲಂಗಿ ಹೆಚ್ಚಿಕೊಟ್ಟು, ಅವಳ ಷವರಿನ ಕೆಳಗೆ ನಿಂತು ಬರ್ತಿದ್ದೆ. ಇಲ್ಲಿಗೆ ಬರೋಕೆ ಮುಖ ಎಲ್ಲಿತ್ತು? ಒಂದಿನ ಬಾಗಿಲ ತನಕ ಬಂದಿದ್ದೆ. ನೀನೂ ನಿಮ್ಮತ್ತೇನೂ ನಗ್ತಿದ್ದಿದ್ದು ಮೆಟ್ಟಿಲಿಗೆ ಕೇಳ್ತು. ಹೊಟ್ಟೆ ಉರಿದು ವಾಪಸ್ ಹೋದೆ."

ಇಷ್ಟು ದಿನ ಬೊಕ್‌ಹೀ ತನ್ನ ಹೊಟ್ಟೆಯೊಂದೇ ಉರಿಯುತ್ತಿದೆ ಎಂದುಕೊಂಡಿದ್ದಳು.

"ಇನ್ನೊಂದು ಮಾತಿದೆ" ಎಂದಳು ಯಾಂಗ್‌ಸುನ್, ತಲೆ ಎತ್ತದೆ. "ಇನ್ನೊಂದು ಮನೆ ಸೇರಿಸಿದ್ರೆ ನಮಗೆ ಮೊದ್ಲು ಜಾಗ ಕೊಡಿಸ್ತೀನಿ ಅಂದ ಆ ರೆಸಾರ್ಟಿನ ಮಾರಾಟದವ್ನು. ನಿನ್ನ ನಂಬರ್ ಕೊಟ್ಟೋಳು ನಾನೇ."

ಬೊಕ್‌ಹೀಗೆ ಎಲ್ಲಿಲ್ಲದ ಸಿಟ್ಟು ಬಂತು. ಕೈಗೆ ಸಿಕ್ಕ ಚೊಂಬಿನಲ್ಲಿ ತಣ್ಣೀರು ತುಂಬಿ ಯಾಂಗ್‌ಸುನ್‌ಳ ನೆತ್ತಿಗೆ ಸುರಿದೇಬಿಟ್ಟಳು. "ನಮ್ಮತ್ತೆ ಹಲ್ಲು ಕಣೇ ಅದು! ನಾಲ್ಕು ಗಂಟೆಗೆ ಅವ್ನು ಮನೆಗೆ ಬರ್ತಾನೆ!"

"ನೀರು ಸುರಿದಿದ್ದು ಆಯ್ತಲ್ಲ, ಇನ್ನು ಕೇಳು" ಎಂದಳು ಮಾಲ್ಜಾ ಅಕ್ಕ. "ನಾನು ಮೊದ್ಲು ಅಂಥದೇ ಒಂದು ಕ್ಲಬ್ಬಲ್ಲಿ ಇದೇ ಕೆಲಸಕ್ಕಿದ್ದೆ. ಒಂದು ಬೆಳಿಗ್ಗೆ ಹೋದ್ರೆ ಬಾಗಿಲಿಗೆ ಸರಪಳಿ, ಸದಸ್ಯರೆಲ್ಲ ಟವೆಲ್ ಹಿಡ್ಕೊಂಡು ಬೀದೀಲಿ. ಅವ್ನು ಬಂದ್ರೆ ಕುಟುಂಬ ಅಂದ್ರೆ ಯಾರ್‍ಯಾರು ಅಂತ ಕೇಳು. ಯಾವ ದಿನ ಒಳಗೆ ಬಿಡಲ್ಲ, ಮಧ್ಯದಲ್ಲಿ ಸದಸ್ಯತ್ವ ಬಿಟ್ರೆ ದುಡ್ಡು ಎಷ್ಟು ವಾಪಸ್ಸು ಅಂತ ಕೇಳು. ಬಾಯಲ್ಲಿ ಹೇಳಿದ್ದನ್ನ ಕಾಗದದಲ್ಲಿ ತೋರಿಸು ಅನ್ನು."

"ರಿಯಾಯಿತಿ ಇವತ್ತಿಗೇ ಮುಗಿಯುತ್ತಲ್ಲ ಅಕ್ಕ?"

"ಕಾಗದ ಮನೇಲಿ ಬಿಟ್ಟು ಹೋಗು, ಓದಿ ಹೇಳ್ತೀನಿ ಅನ್ನು. ಒಳ್ಳೇ ಕೊಳ ಆದ್ರೆ ಹಬ್ಬ ಕಳೆದ ಮೇಲೂ ಅಲ್ಲೇ ಇರುತ್ತೆ. ಮೊದ್ಲು ಒಂದು ಭಾನುವಾರ ಹೋಗಿ ಕಣ್ಣಾರೆ ನೋಡ್ಕೊಂಡು ಬಾ. ಸೆರಿ ಅಮ್ಮ, ನೀನೂ ಅಳೋದು ನಿಲ್ಸು. ರಜಾ ಮುಗಿದ ದಿನಾನೇ ನಿನ್ನ ಕಾಗದ ತಗೊಂಡು ಗ್ರಾಹಕರ ದೂರು ಕಚೇರಿಗೆ ಹೋಗು."

ನಾಲ್ಕಕ್ಕೆ ಸರಿಯಾಗಿ ಮಾರಾಟಗಾರ ಬಂದ. ಬೊಕ್‌ಹೀ ಬಾಯಿ ತೆರೆಯುವ ಮೊದಲೇ ಅತ್ತೆ ಬಂದು ಅವನ ಎದುರಿಗೆ ಕೂತರು. ಸೊಸೆ ಅವರಿಗೆ ಎಲ್ಲ ಹೇಳಿ ಕಾಲು ಹಿಡಿದಾಗಿತ್ತು.

"ಈ ಕಾಗದದಲ್ಲಿ ನಾನೆಲ್ಲಿದೀನಿ ತೋರಿಸಪ್ಪ."

"ಅಜ್ಜಿ, ನಿಮ್ಮ ವಿಳಾಸ..."

"ಹಳ್ಳಿ ಮನೇದೇ ಇದೆ. ಆದ್ರೆ ಆರು ವರ್ಷದಿಂದ ಊಟ, ನಿದ್ದೆ, ಸೊಸೆ ಜೊತೆ ಜಗಳ ಎಲ್ಲಾ ಇಲ್ಲೇ."

"ಹಾಗಾದ್ರೆ ನೀವು ಅತಿಥಿ ಆಗ್ತೀರಿ ಅಜ್ಜಿ. ಬಂದಾಗೆಲ್ಲ ಬೇರೆ ಶುಲ್ಕ. ಅದನ್ನ ಆಮೇಲೆ ನೋಡ್ಕೊಳ್ಳೋಣ, ಮೊದ್ಲು ಮುದ್ರೆ ಒತ್ತಿ."

"ಕಾಗದ ಬಿಟ್ಟು ಹೋಗಿ, ಓದಿ ಹೇಳ್ತೀವಿ" ಎಂದಳು ಬೊಕ್‌ಹೀ. ಅವನು ಕಾಗದ ಬಿಡಲಿಲ್ಲ. ಬ್ಯಾಗಿಗೆ ತುರುಕಿಕೊಂಡು, ಕೊಟ್ಟ ಬಾರ್ಲಿ ಚಹಾವನ್ನೂ ಕುಡಿಯದೆ ಎದ್ದು ಹೋದ.

ಮರುದಿನ ಹಬ್ಬದ ಅಕ್ಕಿ ಕಡುಬಿನ ಸಾರಿಗೆ ಬೊಕ್‌ಹೀ ಅತ್ತೆಯ ಪಾಲಿನ ಕಡುಬನ್ನು ಕಾಗದದಷ್ಟು ತೆಳ್ಳಗೆ ಕೊಯ್ದಳು. "ಮುಂದಿನ ವರ್ಷ ದಪ್ಪಗೆ ಕೊಯ್ಯೇ" ಎಂದರು ಅತ್ತೆ. ಹಲ್ಲಿನ ವೈದ್ಯರಲ್ಲಿ ಈಗ ದಿನ ನಿಗದಿಯಾಗಿದೆ. ಯಾಂಗ್‌ಸುನ್ ದೂರು ಕೊಟ್ಟಿದ್ದಾಳೆ, ಉತ್ತರಕ್ಕೆ ಕಾಯುತ್ತಿದ್ದಾಳೆ. ಭಾನುವಾರ ಅತ್ತೆಯೂ ಸೇರಿ ಮೂವರೂ ಒಬ್ಬರ ಹಿಂದೆ ಒಬ್ಬರು ಕೂತು ಬೆನ್ನುಜ್ಜಿಕೊಳ್ಳುತ್ತಾರೆ. ಆ ಫೋನ್ ನಂಬರಿನ ಸಿಟ್ಟು ಬೊಕ್‌ಹೀಗೆ ಇನ್ನೂ ಪೂರ್ತಿ ಹೋಗಿಲ್ಲ, ಅದಕ್ಕೇ ಅವಳು ಉಜ್ಜುವಾಗ ಸ್ವಲ್ಪ ಬಲವಾಗಿಯೇ ಉಜ್ಜುತ್ತಾಳೆ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಗೂ ಇಂಥ ಕಾಗದ ಬಂದೀತು. ಅದರಲ್ಲಿ ನಿಮ್ಮ ಮನೆಯವರೆಲ್ಲರ ಹೆಸರಿದೆಯೇ ನೋಡಿ. ಜಾಗವನ್ನು ಕಣ್ಣಾರೆ ನೋಡಿ. ಬಾಯಿಮಾತನ್ನು ಬರಹದಲ್ಲಿ ಕೇಳಿ. ಇವತ್ತೇ ಸಹಿ ಹಾಕಿ ಎಂದು ಅವಸರ ಮಾಡುವವರನ್ನು ನಾಳೆ ಬನ್ನಿ ಎಂದು ಕಳಿಸಿ. ಮೋಸ ಹೋಗಿದ್ದರೆ ನಾಚಿಕೊಂಡು ಮುಚ್ಚಿಡಬೇಡಿ, ನಿಮ್ಮ ಮೌನ ನಂಬಿ ಪಕ್ಕದ ಮನೆಯವರೂ ಹೋಗಿ ಬೀಳುತ್ತಾರೆ. ಇನ್ನು ನೆರೆಯವಳ ಬ್ಯಾಗು ಕಂಡು ಹೊಟ್ಟೆ ಉರಿದರೆ, ಸಹಿ ಹಾಕುವ ಮೊದಲು ಅವಳ ಮನೆಗೆ ಹೋಗಿ ಒಂದು ಮಾತು ಕೇಳಿ: "ಒಳಗಿರೋ ಟವೆಲ್ ಒದ್ದೆ ಆಗಿದೆಯೇನೇ?"