ಒಂದಕ್ಕೆ ನೂರು

ಎಡಗೆನ್ನೆ ಮುಗಿಸಿ ಬಲಗೆನ್ನೆಗೆ ನೊರೆ ಹಚ್ಚುವಾಗ, ಅಭ್ಯಾಸಬಲದಿಂದ ಮಗಳ ಬಾಯಿಗೆ ಬಂದೇಬಿಟ್ಟಿತು: "ಸ್ವಲ್ಪ ತಲೆ ಎತ್ತಿ ಅಪ್ಪಾ."

ತಮ್ಮ ಸಲೂನಿನ ಹಿಂದಿನ ಕೋಣೆಯ ಮಂಚದಲ್ಲಿ ಮಲಗಿದ್ದ ಅಪ್ಪ ತಲೆ ಎತ್ತಲಿಲ್ಲ. ನಿನ್ನೆ ಸಂಜೆಯೇ ತೀರಿಕೊಂಡಿದ್ದರು.

"ಹುಷಾರಮ್ಮ, ಕುಯ್ದುಬಿಟ್ಟೀಯ," ಅಂದರು ಬಾಗಿಲಲ್ಲಿ ನಿಂತಿದ್ದ ಮೀಸೆ ಮಾವ. ರೇಸ್‌ಕೋರ್ಸಿನಲ್ಲಿ ಬಾಜಿ ಹಣ ಹಿಡಿಯುವ ಬುಕ್ಕಿ, ಅಪ್ಪನ ಜೀವದ ಗೆಳೆಯ. ಎರಡು ಕಿವಿಗಳತ್ತ ಹೊರಟಿದ್ದ ಆ ಬಿಳಿ ಮೀಸೆಗೆ ಅಪ್ಪನಿಗೂ ಕತ್ತರಿ ತಾಕಿಸಲು ಬಿಟ್ಟವರಲ್ಲ.

"ಕುಯ್ದರೂ ಬಯ್ಯೋಕೆ ಏಳಲ್ಲ ಬಿಡಿ ಮಾವ. ಎದ್ದರೆ ಒಳ್ಳೇದೇ ಆಯ್ತು."

ನೆಲಕ್ಕೆ ಕಾಲು ಮುಟ್ಟದಂತೆ ಸ್ಟೂಲಿನ ಮೇಲೆ ಕೂತಿದ್ದ ಇನ್ನೊಬ್ಬ ಗೆಳೆಯ, ರೇಸ್ ಕುದುರೆ ಓಡಿಸುತ್ತಿದ್ದ ಮುದಿ ಜಾಕಿ, ಕಣ್ಣೊರೆಸಿಕೊಂಡು ನಕ್ಕ. "ಕೊನೇ ರೇಸಿನ ಹೊತ್ತಿಗೆ ಎದ್ದೇ ಏಳ್ತಾನೆ, ನೋಡ್ತಿರು."

ಹೊರಗೆ ಶವದ ವ್ಯಾನಿನವನು ಹಾರ್ನ್ ಒತ್ತಿದ. "ಇನ್ನೂ ಎಷ್ಟೊತ್ತಮ್ಮಾ?"

"ಅತ್ತೆ ಬರಬೇಕು!"

ಗೆಳೆಯರಿಬ್ಬರೂ ಮುಖ ಮುಖ ನೋಡಿಕೊಂಡರು. ಅತ್ತೆ ಅಂದರೆ ಅಪ್ಪನ ಒಬ್ಬಳೇ ತಂಗಿ. ಎರಡು ಬೀದಿ ಆಚೆ ಬಟ್ಟೆ ಹೊಲಿಯುತ್ತಾಳೆ. ಅವಳು ಅಣ್ಣನ ಜೊತೆ ಮಾತು ಬಿಟ್ಟಾಗ ಇವಳಿನ್ನೂ ತೊಟ್ಟಿಲಲ್ಲಿದ್ದಳು. ಇವತ್ತು ಬೆಳಿಗ್ಗೆ ಹೋಗಿ ಬಾಗಿಲು ಬಡಿದರೆ ಒಳಗೆ ಮಷೀನಿನ ಸದ್ದು ನಿಂತಿತು, ಬಾಗಿಲು ತೆರೆಯಲಿಲ್ಲ. "ಅಪ್ಪ ಹೋದರು ಅತ್ತೇ" ಎಂದು ಮುಚ್ಚಿದ ಕಿಟಕಿಗೆ ಹೇಳಿ ಬಂದಿದ್ದಳು.

"ಬರ್ತಾಳೆ ಅಂತೀಯಾ?" ಅಂದ ಜಾಕಿ.

"ಮೀಸೆ ಮಾವನ್ನ ಕೇಳಿ. ಏನು ದರ ಕೊಡ್ತೀರಿ ಮಾವ?"

ಮೀಸೆ ಮಾವನ ಕೈ ಮೀಸೆಗೆ ಹೋಯಿತು. "ನಿಮ್ಮಪ್ಪನೂ ಇದನ್ನೇ ಕೇಳಿದ್ದ. ಹೋದ ವಾರ, ಇದೇ ಮಂಚದ ಮೇಲೆ. 'ನನ್ನ ಮಣ್ಣಿಗೆ ತಂಗಿ ಬರ್ತಾಳೆ, ಏನು ದರ?' ಅಂದ. ಒಂದಕ್ಕೆ ನೂರು ಅಂದೆ. 'ಗೆದ್ದದ್ದು ಇಸ್ಕೊಳ್ಳೋಕೆ ನಾನಿರಲ್ವಲ್ಲೋ, ಮೀಸೆ ಇಡು. ಬಂದರೆ ಬೋಳಿಸ್ಕೋ' ಅಂದ. ಇಟ್ಟೆ." ಅವರು ಮಂಚದ ಕಡೆ ನೋಡಿದರು. "ಸೋತರೆ ಸಾಕು ಅಂತಿದೀನಿ ಕಣಮ್ಮ. ಬುಕ್ಕಿ ಬಾಯಲ್ಲಿ ಈ ಮಾತು ಎಲ್ಲಾದ್ರೂ ಕೇಳಿದ್ದೀಯಾ?"

*

ಆ ಜಗಳದ ಕತೆಯನ್ನು ಅಪ್ಪ ಗಿರಾಕಿಗಳಿಗೆಲ್ಲ ಹೇಳುತ್ತಿದ್ದರು, ಸೋತವರು ತಾವೇ ಆದರೂ ನಗುನಗುತ್ತಾ.

ಸ್ವಂತ ಮಷೀನಿಗೆಂದು ಕೂಡಿಟ್ಟದ್ದನ್ನೆಲ್ಲ ಗಂಟು ಕಟ್ಟಿಕೊಂಡು ತಂಗಿ ಅಣ್ಣನ ಜೊತೆ ರೇಸಿಗೆ ಬಂದಿದ್ದಳು. ಓಟಕ್ಕೆ ಮುಂಚೆ ಕುದುರೆಗಳನ್ನು ಸುತ್ತು ಹಾಕಿಸುತ್ತಿದ್ದರು.

"ಅಣ್ಣಾ, ಆ ಬಡಕಲು ಕುದುರೆ ಮೇಲೆ ಕಟ್ಟು."

"ಒಂದಕ್ಕೆ ನಲವತ್ತು ಕಣೇ ಅದು! ಒಂದು ಕಟ್ಟಿದರೆ ನಲವತ್ತು ಕೊಡ್ತೀನಿ ಅಂತಾನೆ ಬುಕ್ಕಿ. ಯಾಕೆ ಹೇಳು? ಅದು ಗೆಲ್ಲಲ್ಲ ಅನ್ನೋ ಧೈರ್ಯ ಅವನಿಗೆ."

"ಮಿಕ್ಕವೆಲ್ಲ ಬೆವರ್ತಿವೆ. ಇದೊಂದೇ ಆಕಳಿಸ್ತಿದೆ. ನನ್ನ ಮಾತು ಕೇಳು."

ಹೂಂ ಅಂದು ಹೋದ ಅಣ್ಣ, ಅವಳ ಒಳ್ಳೆಯದಕ್ಕೇ ಅಂದುಕೊಂಡು, ಎಲ್ಲರೂ ನೆಚ್ಚಿದ್ದ ಕುದುರೆಯ ಮೇಲೆ ಕಟ್ಟಿ ಬಂದ. ಕೊನೆಯ ತಿರುವಿನವರೆಗೂ ಕೊನೆಯಲ್ಲಿದ್ದ ಬಡಕಲು ಕುದುರೆ ಹೊರಬದಿಯಿಂದ ಬಂದು ಎಲ್ಲವನ್ನೂ ದಾಟಿ ಗೆದ್ದಿತು. ಅವಳು ಗುರುತಿಲ್ಲದವರನ್ನೆಲ್ಲ ತಬ್ಬಿಕೊಂಡು ಕುಣಿದಳು. ಆಮೇಲೆ ಅಣ್ಣ ಕೈಯಲ್ಲಿದ್ದ ಬಾಜಿಯ ಚೀಟಿ ತೋರಿಸಿದ.

"ನಾನು ಕುದುರೆನ ನಂಬಿದೆ," ಅಂದಳಂತೆ. "ನೀನು ನನ್ನನ್ನ ನಂಬಲಿಲ್ಲ."

ಅಂದಿನಿಂದ ಅಪ್ಪ ಯಾರೂ ಕಟ್ಟದ ಕುದುರೆಗೇ ಕಟ್ಟಿದರು. ಅವರ ಜೇಬಿನಿಂದ ಸೋತ ಚೀಟಿಯೊಂದು ಯಾವಾಗಲೂ ಇಣುಕುತ್ತಿತ್ತು. "ದರ ಜಾಸ್ತಿ ಅಂದ್ರೆ ಕುದುರೆ ಕೆಟ್ಟದ್ದು ಅಂತಲ್ಲಮ್ಮ. ನಂಬೋರು ಕಮ್ಮಿ ಅಂತ," ಎನ್ನುತ್ತಿದ್ದರು ಮಗಳಿಗೆ.

*

"ಇನ್ನು ಕಾಯೋಕಾಗಲ್ಲಮ್ಮ," ಎಂದು ವ್ಯಾನಿನವನು ಒಳಗೇ ಬಂದ. ಮೀಸೆ ಮಾವ ತಲೆಯ ಕಡೆ ಬಗ್ಗಿದರು, ಜಾಕಿ ಕಾಲಿನ ಕಡೆ. ಅವಳು ಟವೆಲಿನಿಂದ ಅಪ್ಪನ ಕಿವಿಯ ಹಿಂದಿನ ನೊರೆ ಒರೆಸಿದಳು. ಒರೆಸಿದ್ದನ್ನೇ ಮತ್ತೊಮ್ಮೆ ಒರೆಸಿದಳು. ಇಬ್ಬರೂ ಅಪ್ಪನನ್ನು ಎತ್ತಿದರು.

"ಇಳಿಸ್ರೋ ಅವನನ್ನ!"

ಸಲೂನಿನ ಬಾಗಿಲಲ್ಲಿ ಅತ್ತೆ. ಒಂದು ಕಾಲಿಗೆ ಒಂದು ಚಪ್ಪಲಿ, ಇನ್ನೊಂದಕ್ಕೆ ಬೇರೆಯದು. ಕುತ್ತಿಗೆಯಲ್ಲಿ ಅಳತೆಯ ಟೇಪು, ಕೈಯಲ್ಲಿ ಹೊಸ ಅಂಗಿ.

"ಹೊರಬದಿಯಿಂದ ಬಂದ್ಲು!" ಜಾಕಿ ಕೂಗೇಬಿಟ್ಟ. "ಕೊನೇ ತಿರುವಲ್ಲಿ, ಹೊರಬದಿಯಿಂದ!"

"ಏನು ಕಿರುಚ್ತಾನೆ ಈ ಗಿಡ್ಡ?" ಅತ್ತೆ ಅಂಗಿ ಕೊಡವಿದಳು. "ಗುಂಡಿ ಹಾಕೋದು ತಡ ಆಯ್ತು ಕಣೇ. ನಾವು ಮಾತಾಡ್ತಿದ್ದಾಗಿನ ಅಳತೆಗೇ ಹೊಲಿದೆ. ಇವನು ನೋಡಿದರೆ ಹಕ್ಕಿ ಥರ ಆಗಿದಾನೆ. ಜೇಬು ದೊಡ್ಡದಿಟ್ಟಿದೀನಿ, ಇವನ ದರಿದ್ರ ಚೀಟಿಗಳಿಗೆ."

ಅವಳೂ ಅತ್ತೆಯೂ ಸೇರಿ ಅಂಗಿ ತೊಡಿಸಿದರು. ಬಾಜಿಯ ವಿಷಯ ಕೇಳಿದಾಗ ಅತ್ತೆಯ ಕೈ ಕೊನೆಯ ಗುಂಡಿಯ ಮೇಲೇ ನಿಂತಿತು.

"ನನ್ನ ಮೇಲೆ ಕಟ್ಟಿದ್ನಾ? ದರ ಎಷ್ಟು?"

"ಒಂದಕ್ಕೆ ನೂರು," ಅಂದರು ಮೀಸೆ ಮಾವ ತಲೆ ತಗ್ಗಿಸಿ.

"ಆ ಕುದುರೆಗಿಂತ ಜಾಸ್ತಿ!" ಅತ್ತೆಯ ನಗು ಎದೆಯಿಂದ ಕಿತ್ತುಕೊಂಡು ಬಂತು. ನಗುತ್ತಲೇ ಅಣ್ಣನ ಎದೆಗೆ ಹಣೆ ಒತ್ತಿದಳು. ಅದು ಎಲ್ಲಿ ಅಳುವಾಯಿತೋ ಯಾರಿಗೂ ಗೊತ್ತಾಗಲಿಲ್ಲ. ಆಮೇಲೆ ಎದ್ದು ಮೂಗೊರೆಸಿಕೊಂಡಳು. "ನಡೀರಿ, ಕುರ್ಚಿ ಹತ್ತಿ."

ಮೀಸೆ ಮಾವ ಹತ್ತಿ ಕೂತರು. ಅತ್ತೆಯೇ ಅವರ ಕುತ್ತಿಗೆಗೆ ಬಟ್ಟೆ ಕಟ್ಟಿದಳು. ವ್ಯಾನಿನವನು ಕೀಲಿಕೈ ಜೇಬಿಗೆ ಹಾಕಿಕೊಂಡು ಬೆಂಚಿನ ಮೇಲೆ ಕೂತ. ಮಗಳು ಅಪ್ಪನಿಗೆ ಹಚ್ಚಿದ ಬ್ರಶ್ಶನ್ನೇ ತೊಳೆದು ತಂದು ನೊರೆ ಎಬ್ಬಿಸಿದಳು.

"ಸ್ವಲ್ಪ ತಲೆ ಎತ್ತಿ ಮಾವ."

ಬಿಳಿ ಎಳೆಗಳು ಉದುರಿದಂತೆಲ್ಲ ಅತ್ತೆ ಅವನ್ನು ಅಂಗಿಯ ಬಟ್ಟೆಯಲ್ಲೇ ಮಿಕ್ಕಿದ್ದ ಒಂದು ತುಂಡಿನಲ್ಲಿ ಹಿಡಿದಳು. ಮಡಿಸಿ ಮಡಿಸಿ ಚೀಟಿಯಷ್ಟು ಚಿಕ್ಕದು ಮಾಡಿ, ಒಳಗೆ ಹೋಗಿ ಅಣ್ಣನ ಹೊಸ ಜೇಬಿಗೆ ಸಿಕ್ಕಿಸಿದಳು, ತುದಿ ಇಣುಕುವ ಹಾಗೆ.